ಗೇಟಮ್ಮನ ಎತ್ತರದ ಪಾತಿ

ನಮ್ಮತ್ತೆಗೆ ಕಾರ್ಖಾನೆಯವರು ಇಟ್ಟ ಹೆಸರು ಗೇಟಮ್ಮ. ಎದುರಿಗೆ ಯಾರೂ ಹಾಗೆ ಕರೆದವರಲ್ಲ. ಅಷ್ಟು ಧೈರ್ಯ ಯಾರಿಗಿತ್ತು? ದಾರದ ಕಾರ್ಖಾನೆಯ ಹೆಂಗಸರ ಗೇಟಿನಲ್ಲಿ ಒಂದು ಮರದ ಮೇಜು, ಅದರ ಹಿಂದೆ ಒಂದು ಸ್ಟೂಲು, ಸ್ಟೂಲಿನ ಮೇಲೆ ನಮ್ಮತ್ತೆ. ಪಾಳಿ ಮುಗಿಸಿ ಮನೆಗೆ ಹೊರಟ ಪ್ರತಿಯೊಬ್ಬಳೂ ಚೀಲವನ್ನು ಆ ಮೇಜಿನ ಮೇಲಿಟ್ಟು ಅದರ ಬಾಯಿ ಬಿಚ್ಚಿ ತೋರಿಸಬೇಕು. ಅತ್ತೆ ಕೈ ಹಾಕಿ, ಊಟದ ಡಬ್ಬಿ ಅಲ್ಲಾಡಿಸಿ, ಮಡಿಚಿದ ಸ್ವೆಟರ್ ಬಿಡಿಸಿ, ಚೀಲದ ತಳ ಮುಟ್ಟಿ ನೋಡಿ "ಹೋಗು" ಅಂದಮೇಲೆಯೇ ಹೋಗಬೇಕು. ಆ "ಹೋಗು" ಕೇಳಿಸಿಕೊಳ್ಳುತ್ತಲೇ ಕೆಲಸಕ್ಕೆ ಸೇರಿದ ಹುಡುಗಿಯರು ಅಜ್ಜಿಯರಾದರು.

"ಮುಖ ನೋಡಿದ್ರೆ ಏನೂ ಗೊತ್ತಾಗಲ್ಲ ಕಣೇ" ಎಂದು ಅತ್ತೆ ನನಗೆ ಹೇಳುತ್ತಿದ್ದರು. "ಅಳೋ ಮುಖದವಳ ಡಬ್ಬಿಲೂ ದಾರದ ಉಂಡೆ ಸಿಕ್ಕಿದೆ, ನಗೋ ಮುಖದವಳ ಡಬ್ಬಿಲೂ ಸಿಕ್ಕಿದೆ. ಕೈ ಹಾಕಿ ನೋಡ್ಬೇಕು, ಅಷ್ಟೇ."

ನಿವೃತ್ತಿಯಾದಮೇಲೆ ಗೇಟು ಬಿಟ್ಟು ಬಂದರು, ಆದರೆ ಆ ಮೇಜು ಮಾತ್ರ ಅವರ ತಲೆಯೊಳಗೆ ಹಾಗೇ ಉಳಿದುಕೊಂಡಿತು. ನಾನು ಸೊಸೆಯಾಗಿ ಬಂದ ಹೊಸದರಲ್ಲಿ ಸಕ್ಕರೆ ಡಬ್ಬಿಯ ಮೇಲೆ ಪೆನ್ಸಿಲಿನ ಗೆರೆ ನೋಡಿ ಇದೇನಪ್ಪಾ ಅಂದುಕೊಂಡಿದ್ದೆ. ಸಕ್ಕರೆ ಎಷ್ಟು ಇಳಿದಿದೆ ಎಂದು ನೋಡಿಕೊಳ್ಳುವ ಗೆರೆಯಂತೆ! ನನಗೆ ಸಿಟ್ಟು ನೆತ್ತಿಗೇರಿತು. "ಸಕ್ಕರೆ ಕದ್ದು ತಿನ್ನೋಕೆ ನಾನು ಈ ಮನೆಗೆ ಬಂದಿಲ್ಲ" ಅಂದೆ. "ತಿನ್ನಲ್ಲ ಅಂದ್ಮೇಲೆ ಗೆರೆ ಇದ್ರೆ ನಿನಗೇನು ಕಷ್ಟ?" ಅಂದರು. ಇಂಥವರ ಜೊತೆ ವಾದ ಮಾಡಿ ಯಾರು ಗೆದ್ದಾರು? ಗೆರೆಯೂ ಉಳಿಯಿತು, ನಾನೂ ಉಳಿದೆ.

ಇಂಥ ಅತ್ತೆಯನ್ನು ಆಡಿಕೊಂಡು ನಗುವ ಹಕ್ಕು ಈ ಭೂಮಿಯ ಮೇಲೆ ಒಬ್ಬರಿಗೇ ಇತ್ತು. ಅವರು ಚಿಕ್ಕತ್ತೆ, ಅತ್ತೆಯ ಓರಗಿತ್ತಿ. ಅಣ್ಣತಮ್ಮಂದಿರನ್ನು ಮದುವೆಯಾಗಿ ಒಂದೇ ವರ್ಷ ಈ ಮನೆಗೆ ಕಾಲಿಟ್ಟವರು ಇವರಿಬ್ಬರೂ. ಅಣ್ಣನೂ ಹೋದ, ತಮ್ಮನೂ ಹೋದ, ಇವರು ಮಾತ್ರ ಒಂದೇ ಒಲೆಯ ಮುಂದೆ ಉಳಿದರು. ಚಿಕ್ಕತ್ತೆಗೆ ಮಕ್ಕಳಿಲ್ಲ. ನನ್ನ ಗಂಡನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದ್ದು ಅವರೇ. ಈಗ ಊರ ಬಸ್ಸು ಓಡಿಸುವ ಆ ಎತ್ತರದ ಗಂಡಸು ಇವತ್ತಿಗೂ ಜ್ವರ ಬಂದರೆ "ಚಿಕ್ಕಮ್ಮಾ" ಎಂದು ನರಳುತ್ತಾನೆ, "ಅಮ್ಮಾ" ಅನ್ನುವುದಿಲ್ಲ.

ಚಿಕ್ಕತ್ತೆಯೂ ಅದೇ ಕಾರ್ಖಾನೆಯಲ್ಲಿ ದಾರ ಸುತ್ತುವ ವಿಭಾಗದಲ್ಲಿದ್ದವರು. ಅಂದಮೇಲೆ ದಿನಾ ಸಂಜೆ ಅವರ ಚೀಲವೂ ಅತ್ತೆಯ ಮೇಜಿಗೆ ಬರಬೇಕಲ್ಲ! ಸರದಿ ಬಂದಾಗ ಚೀಲವನ್ನು ದಬಕ್ಕನೆ ಇಟ್ಟು, "ನೋಡ್ಕೊಳ್ಳಮ್ಮಾ ತಾಯಿ, ಇಡೀ ಕಾರ್ಖಾನೇನೇ ಹೊತ್ಕೊಂಡು ಹೊರಟಿದ್ದೀನಿ" ಅನ್ನುತ್ತಿದ್ದರಂತೆ. ಸಾಲಿನಲ್ಲಿದ್ದವರೆಲ್ಲ ಗೊಳ್ಳೆಂದು ನಗುತ್ತಿದ್ದರಂತೆ. ಅತ್ತೆಯ ಮುಖದ ಗಂಟು ಮಾತ್ರ ಸಡಿಲವಾಗುತ್ತಿರಲಿಲ್ಲ. ಎಲ್ಲರ ಚೀಲ ನೋಡಿದಷ್ಟೇ ನೋಡಿ, ತಳ ಮುಟ್ಟಿ, "ಹೋಗು" ಅನ್ನುತ್ತಿದ್ದರು. ಚಿಕ್ಕತ್ತೆ ಹೋಗುತ್ತಿರಲಿಲ್ಲ; ಗೇಟಿನಾಚೆ ಚಹಾ ಅಂಗಡಿಯ ಬೆಂಚಿನಲ್ಲಿ ಕುಳಿತು ಅಕ್ಕನ ಕೆಲಸ ಮುಗಿಯಲಿ ಎಂದು ಕಾಯುತ್ತಿದ್ದರು. ಆಮೇಲೆ ಇಬ್ಬರೂ ಒಟ್ಟಿಗೆ ಮನೆಗೆ.

"ನಿಮಗೆ ಬೇಜಾರಾಗ್ತಿರಲಿಲ್ವಾ?" ಎಂದು ನಾನು ಒಮ್ಮೆ ಕೇಳಿದ್ದೆ.

"ಬೇಜಾರು ಯಾಕೆ? ನನ್ನ ಚೀಲ ಬಿಟ್ರೆ ಉಳಿದೋರು ಅವಳನ್ನ ಸುಮ್ನೆ ಬಿಡ್ತಾರಾ? ಅದು ಅವಳ ಕೆಲಸ. ಮನೇಲಿ ಅವಳು ನನ್ನ ಅಕ್ಕ."

ಈ ಮನೆಯ ಗೋಡೆ ಬಿರುಕು ಬಿಟ್ಟಿದೆ, ಸೂರು ಸೋರುತ್ತದೆ, ಕಿಟಕಿಗಳು ಮುಚ್ಚುವುದಿಲ್ಲ. ಗಟ್ಟಿಯಾಗಿ ನಿಂತಿದ್ದದ್ದು ಒಂದೇ, ಆ ಇಬ್ಬರ ನಂಟು. ಅದೂ ಹೋಯಿತು. ಹೋದದ್ದು ಯಾತಕ್ಕೆ ಅಂದರೆ ಒಂದು ಗೇಣು ಮಣ್ಣಿಗೆ. ನೆನೆಸಿಕೊಂಡರೆ ನನಗೆ ಈಗಲೂ ಮೈ ಉರಿಯುತ್ತದೆ.

ನಮ್ಮ ಮನೆಯ ಹಿಂದೆ ಒಂದಷ್ಟು ಜಾಗವಿದೆ. ಮನೆ ಕಟ್ಟಿದವನು ಒಡೆದ ಇಟ್ಟಿಗೆ, ಜಲ್ಲಿ, ಗಟ್ಟಿಯಾದ ಸಿಮೆಂಟು ಎಲ್ಲವನ್ನೂ ಅಲ್ಲೇ ಹೂತು, ಮೇಲೆ ಎರಡು ಬುಟ್ಟಿ ಮಣ್ಣೆರಚಿ ಕೈತೊಳೆದುಕೊಂಡು ಹೋಗಿದ್ದ. ಹಾರೆ ಹಾಕಿದರೆ ಠಣ್ ಎನ್ನುತ್ತದೆ. ಒರಟು ಹುಲ್ಲು ಬಿಟ್ಟರೆ ಅಲ್ಲಿ ಬೇರೇನೂ ಹುಟ್ಟಿದ್ದಿಲ್ಲ. ಬಟ್ಟೆ ಒಣಗಿಸಲು, ಮುರಿದ ಕುರ್ಚಿ ಎಸೆಯಲು ಆ ಜಾಗ ಎಂದು ಎಲ್ಲರೂ ಒಪ್ಪಿಕೊಂಡಿದ್ದೆವು.

ಒಮ್ಮೆ ಚಿಕ್ಕತ್ತೆ ಕಣ್ಣು ತೋರಿಸಿಕೊಳ್ಳಲು ಆಸ್ಪತ್ರೆಗೆ ಹೋದವರು ಮುಖ ಅರಳಿಸಿಕೊಂಡು ಬಂದರು. ಆಸ್ಪತ್ರೆಯ ಅಡುಗೆಮನೆಯ ಹಿಂದೆ ಯಾರೋ ಹಲಗೆಗಳಿಂದ ಪೆಟ್ಟಿಗೆಯ ಹಾಗೆ ಕಟ್ಟಿ, ಅದರೊಳಗೆ ತರಕಾರಿ ಬೆಳೆಸಿದ್ದರಂತೆ. ಕೆಳಗೆ ಬರೀ ಕಲ್ಲುನೆಲವಂತೆ.

"ಅಗೆಯೋದೇ ಬೇಡ್ವಂತೆ ಅಕ್ಕ! ಹುಲ್ಲಿನ ಮೇಲೇ ರಟ್ಟು ಹಾಸಿ, ಅದರ ಮೇಲೆ ಪೇರಿಸ್ತಾ ಹೋಗೋದಂತೆ. ಮರದ ತುಂಡು, ಎಲೆ, ಗೊಬ್ಬರ, ಕೊನೇಲಿ ಮಣ್ಣು. ಕೆಳಗಿನ ಕೆಲಸ ಎಲ್ಲ ಎರೆಹುಳ ಮಾಡ್ಕೊಳುತ್ತಂತೆ. ಒಂದೇ ಒಂದು, ವರ್ಷಾ ವರ್ಷಾ ಇಳಿಯುತ್ತಂತೆ, ಮೇಲೆ ತುಂಬ್ತಾ ಇರಬೇಕಂತೆ."

"ಇಳಿಯೋಕೆ ಅದೇನು ಬಸ್ಸಲ್ಲಿ ಕೂತಿದ್ಯಾ?" ಅಂದರು ಅತ್ತೆ. ಆದರೆ ಕಣ್ಣು ಹಿತ್ತಲ ಕಡೆ ಹೋಗಿತ್ತು. ಸ್ಟೂಲಿನ ಮೇಲೆ ಜೀವನ ಸವೆಸಿದ ಸೊಂಟ ಅವರದು. ಬಗ್ಗಿದರೆ ಏಳುವುದು ಕಷ್ಟ, ಎದ್ದರೆ ಅರ್ಧ ದಿನ ನರಳಾಟ. ಅಗೆಯದೆ ತೋಟ ಮಾಡಬಹುದು ಅನ್ನುವ ಮಾತು ಅವರ ಕಿವಿಗೆ ಎಷ್ಟು ಇಂಪಾಗಿ ಕೇಳಿಸಿತೋ! ಇಳಿಯುತ್ತದೆ ಅನ್ನುವ ಮಾತು ಮಾತ್ರ ಆ ಕಿವಿಗೆ ಬೀಳಲೇ ಇಲ್ಲ.

ಪಕ್ಕದ ಮನೆಯ ಬಡಗಿ ಹಳೆಯ ಹಲಗೆಗಳನ್ನು ಜೋಡಿಸಿಕೊಟ್ಟ. ಎರಡು ಪಾತಿಗಳು. ಒಂದು ಸಾಕಾಗಿತ್ತು, ಆದರೆ ಅತ್ತೆ ಬಿಡಬೇಕಲ್ಲ. "ನಿಂದು ನಿಂಗೆ, ನಂದು ನಂಗೆ. ಆಮೇಲೆ ನಿನ್ನ ಟೊಮೆಟೊ ನನ್ನ ಟೊಮೆಟೊ ಅಂತ ಗೋಳು ಬೇಡ" ಅಂದರು. ಅತ್ತೆಯ ಪೆಟ್ಟಿಗೆ ಸೊಂಟದೆತ್ತರ, ನಿಂತೇ ಕೆಲಸ ಮಾಡಲಿಕ್ಕೆ. ಚಿಕ್ಕತ್ತೆಯದು ಒಂದೇ ಹಲಗೆಯ ಎತ್ತರ. "ನಂಗೆ ಬಗ್ಗೋಕಾಗುತ್ತೆ, ನಿಂಗಾಗಲ್ಲ. ಎತ್ತರದ್ದು ನಿಂಗೇ ಇರ್ಲಿ" ಅಂದರು ಚಿಕ್ಕತ್ತೆ.

ತುಂಬಿಸಿದ ಆ ದಿನಗಳನ್ನು ನಾನು ಮರೆಯುವುದಿಲ್ಲ. ಚಪ್ಪಲಿ ಅಂಗಡಿಯಿಂದ ಖಾಲಿ ರಟ್ಟಿನ ಪೆಟ್ಟಿಗೆಗಳು ಬಂದವು. ಅವುಗಳ ಮೇಲಿನ ಟೇಪು, ಪಿನ್ನು ಒಂದೂ ಬಿಡದೆ ಕಿತ್ತು, ಬಿಚ್ಚಿ ಹಾಸಿ, ನೀರಿನಿಂದ ತೊಯ್ಯಿಸಬೇಕು. ಒಂದರ ಅಂಚಿನ ಮೇಲೆ ಇನ್ನೊಂದು ಅಂಗೈಯಗಲ ಬರಬೇಕು, ಇಲ್ಲದಿದ್ದರೆ ಸಂದಿ ಹುಡುಕಿಕೊಂಡು ಹುಲ್ಲು ತಲೆಯೆತ್ತುತ್ತದೆ. ಈ ಕೆಲಸಕ್ಕೆ ಅತ್ತೆಯನ್ನು ಬಿಟ್ಟರಿಲ್ಲ. ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ಪ್ರತಿ ಸಂದಿಯನ್ನೂ ತಪಾಸಣೆ ಮಾಡಿದರು. ಹೊತ್ತು ತರುವುದೆಲ್ಲ ಚಿಕ್ಕತ್ತೆ. ಬಿದ್ದು ಲಡ್ಡು ಹಿಡಿದ ಮರದ ತುಂಡುಗಳನ್ನು ಕೈಗಾಡಿಯಲ್ಲಿ ತಳ್ಳಿಕೊಂಡು ಬಂದರು. ಬೀದಿ ಗುಡಿಸುವವಳಿಂದ ಒಣ ಎಲೆಯ ಮೂಟೆಗಳನ್ನು ಕೇಳಿ ತಂದರು. ಹಸು ಸಾಕಿದವರ ಮನೆಯಿಂದ ಗೊಬ್ಬರ ತಂದರು.

ಅತ್ತೆಯ ಪೆಟ್ಟಿಗೆಯ ಹೊಟ್ಟೆ ದೊಡ್ಡದು. ಅಷ್ಟಕ್ಕೂ ಮಣ್ಣು ಎಲ್ಲಿಂದ ತರುವುದು? ತಳಕ್ಕೆ ಮರದ ತುಂಡು, ಅದರ ಮೇಲೆ ಕಡ್ಡಿ, ಅದರ ಮೇಲೆ ಎಲೆ. ಎಲೆ ಉಬ್ಬಿಕೊಂಡು ಕೂತಿತ್ತು. ಚಿಕ್ಕತ್ತೆ ಬಟ್ಟೆ ಎತ್ತಿ ಕಟ್ಟಿ ಪೆಟ್ಟಿಗೆಯೊಳಗೇ ಹತ್ತಿ ತುಳಿಯತೊಡಗಿದರು. ಆ ವಯಸ್ಸಿನಲ್ಲಿ ಅವರು ಅಲ್ಲಿ ಕುಣಿದದ್ದೇನು, ಅತ್ತೆ ಹೊರಗೆ ನಿಂತು "ಬೀಳ್ತೀಯ ಕಣೇ ಮೂಳಿ, ಬೀಳ್ತೀಯ" ಎಂದು ಕಿರುಚಿದ್ದೇನು, ಆಮೇಲೆ ಹಲಗೆ ಹಿಡಿದುಕೊಂಡು ನಕ್ಕದ್ದೇನು! ನಾನು ಈ ಮನೆಗೆ ಬಂದಮೇಲೆ ಅತ್ತೆ ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕದ್ದು ನೋಡಿದ್ದು ಅದೊಂದೇ ಸಲ. ಎಲೆಯ ಮೇಲೆ ಅಡುಗೆಮನೆಯ ಸಿಪ್ಪೆ, ಅದರ ಮೇಲೆ ಗೊಬ್ಬರ, ಎಲ್ಲಕ್ಕಿಂತ ಮೇಲೆ ಒಂದು ಗೇಣಿನಷ್ಟು ಒಳ್ಳೆಯ ಕಪ್ಪು ಮಣ್ಣು. ಆ ಮಣ್ಣನ್ನೂ ಮೂಟೆ ಮೂಟೆ ಹೊತ್ತು ತಂದವರು ಚಿಕ್ಕತ್ತೆಯೇ. ಅವರ ಪಾತಿಗೆ ರಟ್ಟಿನ ಮೇಲೆ ನೇರವಾಗಿ ಗೊಬ್ಬರ, ಮಣ್ಣು ಅಷ್ಟೇ. ಅದಕ್ಕೆ ಹೊಟ್ಟೆಯೇ ಇರಲಿಲ್ಲವಲ್ಲ.

ಎಲ್ಲ ಮುಗಿದಮೇಲೆ ಅತ್ತೆ ಒಂದು ಮೊಳೆ ತೆಗೆದುಕೊಂಡು, ಮಣ್ಣು ನಿಂತಿದ್ದ ಮಟ್ಟಕ್ಕೆ ಸರಿಯಾಗಿ ಹಲಗೆಯ ಒಳಮೈಯಲ್ಲಿ ಒಂದು ಗೆರೆ ಗೀಚಿದರು. ಥೇಟು ಸಕ್ಕರೆ ಡಬ್ಬಿಯ ಗೆರೆ.

"ಯಾಕಕ್ಕ, ಮಣ್ಣನ್ನೂ ಯಾರಾದ್ರೂ ಚಹಾಕ್ಕೆ ಹಾಕ್ಕೊಂಡು ಕುಡೀತಾರಾ?" ಎಂದು ಚಿಕ್ಕತ್ತೆ ನಕ್ಕರು. ನಾನೂ ನಕ್ಕೆ. ಹಾಳಾದ ಗೆರೆ!

ಆ ವರ್ಷ ಪಾತಿ ಕೊಟ್ಟದ್ದನ್ನು ನೋಡಿ ಬಡಗಿಯ ಹೆಂಡತಿ ಬೇಲಿಯಾಚೆಯಿಂದಲೇ ಹೊಟ್ಟೆ ಉರಿಸಿಕೊಂಡಳು. ಟೊಮೆಟೊ, ಬೀನ್ಸು, ಮೂಲಂಗಿ, ಕತ್ತರಿಸಿದಷ್ಟೂ ಚಿಗುರುವ ಸೊಪ್ಪು. ಬೆಳಗಾದರೆ ಇಬ್ಬರೂ ಹಿತ್ತಲಲ್ಲಿ. ಒಬ್ಬರು ನಿಂತು, ಇನ್ನೊಬ್ಬರು ಕುಕ್ಕರುಗಾಲಲ್ಲಿ ಕುಳಿತು, ಇಡೀ ಬೀದಿಯ ಸುದ್ದಿಗೆ ಉಪ್ಪುಖಾರ ಹಚ್ಚಿ ಮಾತಾಡುತ್ತಿದ್ದರು. ನಾನು ಚಹಾ ಒಯ್ದುಕೊಟ್ಟರೆ ಲೋಟ ಹಿಡಿಯಲೂ ಪುರುಸೊತ್ತಿಲ್ಲ.

ಬೆಳೆ ಮುಗಿಯಿತು. ಒಣಗಿದ ಗಿಡಗಳನ್ನು ಬುಡಕ್ಕೆ ಕತ್ತರಿಸಿ ತೆಗೆದ ದಿನ ಅತ್ತೆ ಪೆಟ್ಟಿಗೆಯ ಮುಂದೆ ನಿಂತವರು ಅಲ್ಲಾಡಲಿಲ್ಲ. ಸೊಪ್ಪುಸದೆಯ ಮರೆಯಲ್ಲಿ ಅಷ್ಟು ದಿನ ಕಾಣದೆ ಇದ್ದ ಗೆರೆ ಈಗ ಕಾಣಿಸುತ್ತಿತ್ತು. ಮಣ್ಣು ಅದಕ್ಕಿಂತ ಒಂದು ಗೇಣು ಕೆಳಗಿತ್ತು. ಆಮೇಲೆ ಅತ್ತೆ ಪಕ್ಕದ ಪಾತಿ ನೋಡಿದರು. ಚಿಕ್ಕತ್ತೆಯ ಪಾತಿ ಅಂಚಿನವರೆಗೂ ತುಂಬಿ, ಕಪ್ಪಗೆ ಮಿರಮಿರ ಮಿಂಚುತ್ತಿತ್ತು. ಅವರು ಹಿತ್ತಲ ಮೂಲೆಯ ಒಂದು ತೊಟ್ಟಿಯಲ್ಲಿ ಸಿಪ್ಪೆ ಕೊಳೆಸಿ ಮಾಡಿದ ಗೊಬ್ಬರವನ್ನು ಅದಕ್ಕೆ ಹಿಂದಿನ ವಾರವಷ್ಟೇ ಹರಡಿದ್ದರು. ನಾನು ಕಣ್ಣಾರೆ ನೋಡಿದ್ದೆ.

"ಬಾರೇ ಇಲ್ಲಿ" ಎಂದು ಅತ್ತೆ ಕರೆದರು.  ಅದು ಮನೆಯ ದನಿಯಲ್ಲ, ಗೇಟಿನ ದನಿ.

ಚಿಕ್ಕತ್ತೆ ಕೈ ಒರೆಸಿಕೊಳ್ಳುತ್ತಾ ಬಂದರು.

"ನನ್ನ ಮಣ್ಣೆಲ್ಲಿ?"

"ಯಾವ ಮಣ್ಣು ಅಕ್ಕ?"

"ಗೆರೆ ನೋಡು. ಮಣ್ಣು ನೋಡು. ನಿನ್ನ ಪಾತಿ ನೋಡು. ನಾನೇನು ಕುರುಡೀನಾ?"

ಚಿಕ್ಕತ್ತೆ ಮೊದಲು ನಕ್ಕರು, ಪಾಪ. ತಮಾಷೆ ಅಂದುಕೊಂಡರು. "ಅಯ್ಯೋ, ಅದು ಇಳಿಯುತ್ತೆ ಅಂತ ಅವತ್ತೇ ಹೇಳಿದ್ನಲ್ಲ. ಕೆಳಗಡೆ ಎಲೆ, ಮರ ಎಲ್ಲ ಕೊಳೆತು ಕೂತ್ಕೊಂಡಿದೆ. ಮೇಲೆ ಇನ್ನೊಂದಿಷ್ಟು ತುಂಬೋಣ, ಬಾ."

"ಗೇಟಲ್ಲಿ ಸಿಕ್ಕಿಬಿದ್ದೋರೆಲ್ಲ ಹೀಗೇ ಕಥೆ ಹೇಳ್ತಿದ್ರು" ಅಂದರು ಅತ್ತೆ. "ದಾರ ತಾನಾಗೇ ಡಬ್ಬಿಯೊಳಗೆ ಬಿತ್ತು ಅಂದೋರೂ ಇದ್ರು. ಮಣ್ಣು ತಾನಾಗೇ ಇಳೀತಂತೆ! ನಂದು ಇಳಿಯುತ್ತೆ, ನಿಂದು ಏರುತ್ತೆ, ಅಲ್ವಾ? ನಾನು ಮಲಗಿದ್ಮೇಲೆ ಎಷ್ಟು ಬುಟ್ಟಿ ತುಂಬ್ಕೊಂಡೆ, ಹೇಳು."

"ಅತ್ತೇ!" ಎಂದು ನಾನು ಕೂಗಿದೆ. "ನಿಮಗೇನು ತಲೆ ಕೆಟ್ಟಿದ್ಯಾ? ಆ ಮಣ್ಣು ಹೊತ್ತು ತಂದೋರೇ ಅವರು. ಅವರ ಪಾತಿಗೆ ಹೋದ ವಾರ ಗೊಬ್ಬರ ಹಾಕಿದ್ದನ್ನ ನಾನೇ ನೋಡಿದ್ದೀನಿ. ಕದಿಯೋದಾಗಿದ್ರೆ ತರ್ತಿದ್ರಾ?"

"ನೀನು ಬಾಯಿ ಮುಚ್ಚು. ಕಾವಲಿಗಿದ್ದೋರೇ ಕದ್ದಿರೋದನ್ನ ನಾನು ಹಿಡಿದಿದ್ದೀನಿ."

ಚಿಕ್ಕತ್ತೆಯ ಮುಖದಲ್ಲಿ ನಗು ಇನ್ನೂ ಇತ್ತು, ಆದರೆ ಅದಕ್ಕೆ ಏನು ಮಾಡಬೇಕೆಂದು ಗೊತ್ತಿರಲಿಲ್ಲ. ಅದು ನಿಧಾನವಾಗಿ ಹೋಯಿತು. "ನಾನು ತಗೊಂಡಿಲ್ಲ ಅಕ್ಕ" ಅಂದರು, ಸಣ್ಣ ದನಿಯಲ್ಲಿ.  "ನಾನು ತಗೊಂಡಿಲ್ಲ. ನನ್ನ ನಂಬು" ಎಂದು ಇನ್ನೊಮ್ಮೆ ಅಂದರು. ಅತ್ತೆ ಮುಖ ತಿರುಗಿಸಿದರು.

ನನ್ನ ಗಂಡ ಸಂಜೆ ಬಂದು ವಿಷಯ ಕೇಳಿ ತಲೆ ಮೇಲೆ ಕೈ ಹೊತ್ತು ಕುಳಿತ. "ಅಮ್ಮಾ, ಮಣ್ಣಿಗೋಸ್ಕರ ಯಾರಾದ್ರೂ..." ಎಂದು ಶುರು ಮಾಡಿದ. "ಮಣ್ಣಲ್ಲ, ನಂಬಿಕೆ" ಅಂದರು ಅತ್ತೆ. ಯಾರ ಬಾಯಲ್ಲಿ ಯಾವ ಮಾತು!

ಮರುದಿನ ಚಿಕ್ಕತ್ತೆ ಹೊರಟರು. ಕಾರ್ಖಾನೆಯಲ್ಲಿ ಜೊತೆಗಿದ್ದ ಗೆಳತಿಯೊಬ್ಬಳು ಬೇಕರಿಯ ಮಹಡಿಯಲ್ಲಿದ್ದಳು. ಅವಳ ಪಕ್ಕದ ಕೋಣೆ ಖಾಲಿಯಿತ್ತು. ನಾನು ಅವರ ಕೈ ಹಿಡಿದುಕೊಂಡು ಕಣ್ಣೀರಿಟ್ಟೆ, ನನ್ನ ಗಂಡ ಬಾಗಿಲಿಗೆ ಅಡ್ಡ ನಿಂತ. "ದಾರಿ ಬಿಡು ಮಗಾ" ಎಂದು ಅವನ ಕೆನ್ನೆ ಸವರಿದರು. ಮುಂಬಾಗಿಲ ಬಳಿ ಅತ್ತೆ ಕುರ್ಚಿಯಲ್ಲಿ ಕುಳಿತಿದ್ದರು. ಚಿಕ್ಕತ್ತೆ ಅವರ ಮುಂದೆ ನಿಂತು, ಹೆಗಲಿನ ಚೀಲ ಇಳಿಸಿ, ಬಾಯಿ ಬಿಚ್ಚಿ ಹಿಡಿದರು.

"ನೋಡ್ಕೊ."

ಅಯ್ಯೋ, ಬೇಡ ಅನ್ನಬೇಕಾಗಿತ್ತು. ಎದ್ದು ಒಳಗೆ ಹೋಗಬೇಕಾಗಿತ್ತು. ನಮ್ಮತ್ತೆ ಕೈ ಹಾಕಿದರು. ಬಾಚಣಿಗೆ, ಕನ್ನಡಕದ ಡಬ್ಬಿ, ಗಂಡನ ಹಳೆಯ ಫೋಟೋ, ಎರಡು ಜೊತೆ ಬಟ್ಟೆ, ಎಲ್ಲವನ್ನೂ ಸರಿಸಿ ತಳದವರೆಗೂ ಕೈ ಹೋಯಿತು. ಅಭ್ಯಾಸವೋ, ಹಟವೋ, ಎರಡೂನೋ, ನನಗೆ ಗೊತ್ತಿಲ್ಲ. ತಳ ಮುಟ್ಟಿದಮೇಲೆ ಕೈ ಅಲ್ಲೇ ನಿಂತಿತು. ಚಿಕ್ಕತ್ತೆ ಕಾದರು. ಅತ್ತೆ ಕೈ ತೆಗೆದುಕೊಂಡರು. "ಹೋಗು" ಅನ್ನಲಿಲ್ಲ, "ಇರು" ಅಂತಲೂ ಅನ್ನಲಿಲ್ಲ. ಚಿಕ್ಕತ್ತೆ ಮೆಟ್ಟಿಲಿಳಿದು ಹೋದರು.

ಅದಾದಮೇಲೆ ಹಿತ್ತಲ ಬಾಗಿಲಿಗೆ ಹೊಸ ಬೀಗ ಬಂತು. ಬೀಗದ ಕೈ ದಾರ ಕಟ್ಟಿ ಅತ್ತೆಯ ಕೊರಳಲ್ಲಿ. ಬಟ್ಟೆ ಒಣಗಿಸಬೇಕಾದರೂ ನಾನು ಅವರ ಮುಂದೆ ಹೋಗಿ ನಿಲ್ಲಬೇಕು. ಇಳಿದ ಒಂದು ಗೇಣನ್ನು ಅವರೇ ತುಂಬಿದರು. ಕೈಗಾಡಿ ತಳ್ಳಲು ಈಗ ಯಾರಿದ್ದಾರೆ? ಸಣ್ಣ ಬಕೆಟ್ಟಿನಲ್ಲಿ ತಂದು ತಂದು, ಸೊಂಟ ಹಿಡಿದುಕೊಂಡು ಕುಳಿತು ಕುಳಿತು, ಹಲ್ಲು ಕಚ್ಚಿ ತುಂಬಿದರು. ನಾನು ಕೈ ಹಾಕಲು ಹೋದರೆ "ಬೇಡ" ಅಂದರು. ನನಗೂ ಅಷ್ಟೇ ಸಾಕಾಗಿತ್ತು. ಮಣ್ಣು ಸರಿಯಾಗಿ ಗೆರೆ ಮುಟ್ಟಿದಮೇಲೆ ಸಮಾಧಾನ. ಪಕ್ಕದ ಪಾತಿಯನ್ನು ಅವರು ಮುಟ್ಟಲಿಲ್ಲ. ಕಳ್ಳತನದ ಮಾಲು ಅನ್ನುವ ಹಾಗೆ ಅದರತ್ತ ತಿರುಗಿಯೂ ನೋಡಲಿಲ್ಲ. ಅದರಲ್ಲಿ ಕಳೆ ಬೆಳೆಯಿತು, ಹೂ ಬಿಟ್ಟಿತು, ಒಣಗಿತು.

ಆ ವರ್ಷವೂ ತರಕಾರಿ ಬಂತು. ತಿನ್ನುವಾಗ ಯಾರಿಗೂ ರುಚಿಯ ಮಾತಾಡುವ ಮನಸ್ಸಿರಲಿಲ್ಲ. ನನ್ನ ಗಂಡ ಬಸ್ಸು ನಿಲ್ಲಿಸಿ ಬೇಕರಿಯ ಮಹಡಿಗೆ ಹೋಗಿಬರುತ್ತಿದ್ದ. ನಾನೂ ಹೋಗುತ್ತಿದ್ದೆ. ಚಿಕ್ಕತ್ತೆ ನಮ್ಮ ಜೊತೆ ಎಂದಿನ ಹಾಗೇ ನಗುತ್ತಿದ್ದರು, ಕೆಳಗಿನಿಂದ ಬಿಸಿ ಬನ್ನು ತರಿಸಿಕೊಡುತ್ತಿದ್ದರು. ಅಕ್ಕನ ಸೊಂಟ ಹೇಗಿದೆ ಎಂದು ಕೇಳುತ್ತಿದ್ದರು. ಅದಕ್ಕಿಂತ ಹೆಚ್ಚು ಏನೂ ಕೇಳುತ್ತಿರಲಿಲ್ಲ.

ಮತ್ತೆ ಬೆಳೆ ಮುಗಿಯಿತು. ಗಿಡ ಕತ್ತರಿಸುವ ದಿನ ನಾನೂ ಹಿತ್ತಲಲ್ಲಿದ್ದೆ, ಬಟ್ಟೆ ಹರವುತ್ತಿದ್ದೆ. ಅತ್ತೆ ಕೊನೆಯ ಗಿಡ ತೆಗೆದು ಪಕ್ಕಕ್ಕೆ ಹಾಕಿದರು. ಆಮೇಲೆ ಸದ್ದಿಲ್ಲ. ತಿರುಗಿ ನೋಡಿದೆ. ಅವರು ಹಲಗೆ ಹಿಡಿದುಕೊಂಡು ನಿಂತಿದ್ದರು. ನಾನು ಹತ್ತಿರ ಹೋದೆ. ಗೆರೆ ಮೇಲಿತ್ತು, ಮಣ್ಣು ಕೆಳಗಿತ್ತು.

ಅತ್ತೆಯ ಕೈ ತಾನಾಗಿ ಕೊರಳಿಗೆ ಹೋಯಿತು. ಬೀಗದ ಕೈ ಅಲ್ಲೇ ಇತ್ತು. ಬಾಗಿಲ ಕಡೆ ನೋಡಿದರು, ಗೋಡೆ ನೋಡಿದರು, ಪಾಳುಬಿದ್ದ ಪಕ್ಕದ ಪಾತಿ ನೋಡಿದರು. ಆಮೇಲೆ ತೋಳು ಮಡಿಚಿಕೊಂಡು ಮಣ್ಣೊಳಗೆ ಕೈ ಇಳಿಸಿದರು. ಚೀಲಕ್ಕೆ ಹಾಕಿದ ಹಾಗೇ. ಮೊಣಕೈವರೆಗೂ ಹೋಯಿತು. ಮರದ ತುಂಡು ಇರಬೇಕಾದ ಕಡೆಯಿಂದ ಕೈತುಂಬ ಏನೋ ಎತ್ತಿ ಹೊರತೆಗೆದರು. ಕಪ್ಪಗೆ, ಮೆತ್ತಗೆ, ಹಿಂಡಿದರೆ ಬೆರಳ ಸಂದಿಯಿಂದ ಪುಡಿಪುಡಿಯಾಗಿ ಉದುರುತ್ತಿತ್ತು. ಒಂದು ಎರೆಹುಳ ಅಂಗೈಯಲ್ಲಿ ಹೊರಳಿತು. ಎಲೆಯಿಲ್ಲ, ಕಡ್ಡಿಯಿಲ್ಲ, ಮರದ ಸುಳಿವಿಲ್ಲ. ಎಲ್ಲವೂ ಮಣ್ಣಾಗಿ, ಮಣ್ಣು ಕುಸಿದು ಕೂತಿತ್ತು, ಚಿಕ್ಕತ್ತೆ ಹೇಳಿದ ಹಾಗೇ.

ನನ್ನ ನಾಲಿಗೆ ಸುಮ್ಮನಿರಲಿಲ್ಲ. "ಕಳ್ಳ ಸಿಕ್ಕಿದ್ನಾ ಅತ್ತೆ?" ಅಂದೆ.

ಬೈಯುತ್ತಾರೆ ಅಂದುಕೊಂಡೆ. ಬೈದಿದ್ದರೆ ಚೆನ್ನಾಗಿತ್ತು. ಅವರು ಅಂಗೈಯಲ್ಲಿದ್ದದ್ದನ್ನು ಚೆಲ್ಲದೆ ಹಾಗೇ ಹಿಡಿದುಕೊಂಡು ಮುರಿದ ಕುರ್ಚಿಯ ಮೇಲೆ ಕುಳಿತರು. ಬಟ್ಟೆ ಒಣಗಿ ನಾನು ಎತ್ತಿಕೊಂಡು ಹೋಗುವಾಗಲೂ ಅಲ್ಲೇ ಕುಳಿತಿದ್ದರು. ಅವತ್ತು ಊಟಕ್ಕೂ ಬರಲಿಲ್ಲ. ಹಿತ್ತಲ ಬೀಗ ಮತ್ತೆ ಹಾಕಲಿಲ್ಲ.

ಒಂದು ವಾರ ಕಳೆದಮೇಲೆ ಅತ್ತೆ ಚಿಕ್ಕತ್ತೆ ಮಲಗುತ್ತಿದ್ದ ಹಿಂದಿನ ಕೋಣೆಯನ್ನು ಗುಡಿಸಿದರು, ಹಾಸಿಗೆ ಬಿಸಿಲಿಗೆ ಹಾಕಿದರು, ಕಿಟಕಿಯ ಪರದೆ ಒಗೆದರು. ಆಮೇಲೆ ಕಿತ್ತಿಟ್ಟಿದ್ದ ಕೊನೆಯ ತರಕಾರಿಗಳಲ್ಲಿ ಚೆನ್ನಾಗಿರುವುದನ್ನೆಲ್ಲ ಆರಿಸಿ ಒಂದು ಚೀಲಕ್ಕೆ ತುಂಬಿ, "ಬಾ, ಹೋಗೋಣ" ಎಂದು ನನ್ನನ್ನು ಕರೆದರು.

ಬೇಕರಿಯ ಮೆಟ್ಟಿಲು ಕಡಿದು. ಅತ್ತೆ ಕಟಕಟೆ ಹಿಡಿದು, ನಿಂತು ನಿಂತು ಹತ್ತಿದರು. ಚಿಕ್ಕತ್ತೆಯ ಕೋಣೆಯಲ್ಲಿ ಒಂದು ಮಂಚ, ಒಂದು ಮೇಜು, ಕಿಟಕಿಯಲ್ಲಿ ಎಣ್ಣೆ ಡಬ್ಬದೊಳಗೆ ಒಂದು ಟೊಮೆಟೊ ಗಿಡ. ನಮ್ಮನ್ನು ನೋಡಿ ಎದ್ದು ನಿಂತರು. ಅಕ್ಕನನ್ನು ಮಂಚದ ಮೇಲೆ ಕೂರಿಸಿ, ಬೆನ್ನಿಗೆ ದಿಂಬು ಕೊಟ್ಟು, ಚಹಾಕ್ಕೆ ನೀರಿಟ್ಟರು. ಅತ್ತೆ ತರಕಾರಿಯ ಚೀಲವನ್ನು ಮೇಜಿನ ಮೇಲಿಟ್ಟರು.

"ಈ ವರ್ಷಾನೂ ಇಳೀತು ಕಣೇ" ಅಂದರು. "ಬೀಗ ಹಾಕಿದ್ದೆ. ಆದ್ರೂ ಇಳೀತು. ಕೈ ಹಾಕಿ ನೋಡ್ದೆ. ನೀನು ಹೇಳಿದ್ದೇ ನಿಜ. ನನ್ನದು ತಪ್ಪಾಯ್ತು."

ನಮ್ಮತ್ತೆಯ ಬಾಯಿಂದ ಆ ಮಾತು ಬಂದದ್ದನ್ನು ನಾನು ಮೊದಲು ಕೇಳಿರಲಿಲ್ಲ, ಆಮೇಲೂ ಕೇಳಿಲ್ಲ.

ಚಿಕ್ಕತ್ತೆ ಚಹಾ ಸೋಸಿ ಲೋಟ ಅವರ ಕೈಗಿಟ್ಟರು. ಎದುರಿಗೆ ಕುಳಿತರು. ಸಿಟ್ಟಿನ ಮುಖವಲ್ಲ, ಸುಸ್ತಾದ ಮುಖ.

"ಮಣ್ಣು ಹೇಳಿದ್ಮೇಲೆ ನಂಬ್ದೆ" ಅಂದರು. "ನಾನು ಹೇಳಿದಾಗ ನಂಬ್ಲಿಲ್ಲ."

"ನಂಗೆ ಆ ಕೆಲಸದ ಬುದ್ಧಿ ಕಣೇ. ಹೋಗ್ತಿಲ್ಲ."

"ಕೆಲಸ ಇದ್ದಾಗ ನೀನು ದಿನಾ ನನ್ನ ಚೀಲ ನೋಡ್ತಿದ್ದೆ. ನಾನು ನಗ್ತಾ ತೋರಿಸ್ತಿದ್ದೆ. ಯಾಕ್ ಗೊತ್ತಾ ಅಕ್ಕ? ಇವಳು ಕೆಲಸಕ್ಕೋಸ್ಕರ ನೋಡ್ತಾಳೆ, ನಾನು ಕದಿಯಲ್ಲ ಅಂತ ಇವಳಿಗೆ ಗೊತ್ತು ಅಂದ್ಕೊಂಡಿದ್ದೆ. ನಿಂಗೆ ಗೊತ್ತೇ ಇರ್ಲಿಲ್ಲ. ಅಷ್ಟು ವರ್ಷಾನೂ ನೀನು ನಿಜವಾಗ್ಲೂ ಹುಡುಕ್ತಾ ಇದ್ದೆ."

ಅತ್ತೆ ಲೋಟ ಕೆಳಗಿಟ್ಟರು. "ಮನೆಗೆ ಬಾ" ಅಂದರು. "ನಿನ್ನ ಕೋಣೆ ಗುಡಿಸಿಟ್ಟಿದ್ದೀನಿ."

"ಬರ್ತೀನಿ. ಪಾತಿ ನೋಡೋಕೆ ಬರ್ತೀನಿ, ನಿನ್ನ ಸೊಂಟಕ್ಕೆ ಒಬ್ಬಳ ಕೈಲಿ ಆಗಲ್ಲ. ಇರೋಕೆ ಬರಲ್ಲ."

ಹೇಳಿದ ಹಾಗೇ ಬರುತ್ತಾರೆ. ವಾರಕ್ಕೊಮ್ಮೆ, ಬೆಳಗ್ಗೆಯೇ. ತಮ್ಮ ಪಾತಿಯ ಕಳೆ ಕಿತ್ತು ಅದನ್ನು ಮತ್ತೆ ಕಪ್ಪಗೆ ಮಾಡಿದ್ದಾರೆ. ಅತ್ತೆಯ ಪಾತಿಗೆ ಗೊಬ್ಬರ ಹೊತ್ತು ತಂದು ಸುರಿಯುತ್ತಾರೆ, ಅಂಚಿನವರೆಗೂ. ಅತ್ತೆ ಒಂದು ದಿನ ಬಡಗಿಯನ್ನು ಕರೆದು ಹಲಗೆಯ ಒಳಮೈಯನ್ನು ಕೆತ್ತಿಸಿ ಆ ಗೆರೆ ಅಳಿಸಿದರು. ಸಕ್ಕರೆ ಡಬ್ಬಿಯ ಗೆರೆಯೂ ಹೋಯಿತು, ನಾನು ಕೇಳದೆಯೇ. ಇಬ್ಬರೂ ಮಾತಾಡುತ್ತಾರೆ, ಯಾವ ಬೀಜ ಹಾಕುವುದು, ಯಾವ ಸೊಪ್ಪಿಗೆ ಹುಳ ಬಿದ್ದಿದೆ ಎಂದು. ಬೇಲಿಯಾಚೆಯಿಂದ ನೋಡಿದವರು ಎಲ್ಲ ಸರಿಹೋಯಿತು ಅನ್ನುತ್ತಾರೆ.

ಹೊರಡುವ ಹೊತ್ತಿಗೆ ಚಿಕ್ಕತ್ತೆ ಕೈಕಾಲು ತೊಳೆದುಕೊಂಡು, ಹೆಗಲಿಗೆ ಚೀಲ ಹಾಕಿಕೊಂಡು ಮುಂಬಾಗಿಲಿಗೆ ಬರುತ್ತಾರೆ. ಅಲ್ಲಿ ನಿಂತು, ಚೀಲ ಇಳಿಸಿ, ಬಾಯಿ ಬಿಚ್ಚಿ ಅತ್ತೆಯ ಮುಂದೆ ಹಿಡಿಯುತ್ತಾರೆ. ಮೊದಲ ಸಲ ಅತ್ತೆ ಎರಡೂ ಕೈಗಳಿಂದ ಚೀಲವನ್ನು ಮುಚ್ಚಲು ಹೋದರು. "ಬೇಡ ಕಣೇ, ನಿನ್ನ ಕಾಲಿಗೆ ಬೀಳ್ತೀನಿ, ಬೇಡ" ಅಂದರು. ಚಿಕ್ಕತ್ತೆ ಆ ಕೈಗಳನ್ನು ಮೆಲ್ಲಗೆ ಬಿಡಿಸಿ ಮತ್ತೆ ಬಿಚ್ಚಿ ಹಿಡಿದರು. ಮುಖದಲ್ಲಿ ನಗುವಿಲ್ಲ. ಸಿಟ್ಟೂ ಇಲ್ಲ.

"ನೋಡು" ಅನ್ನುತ್ತಾರೆ.

ನೋಡುವವರೆಗೂ ಅವರು ಅಲ್ಲಿಂದ ಕದಲುವುದಿಲ್ಲ. ಅತ್ತೆ ನೋಡುತ್ತಾರೆ. ಕನ್ನಡಕದ ಡಬ್ಬಿ, ಬಾಚಣಿಗೆ, ಒಂದು ಕಟ್ಟು ಸೊಪ್ಪು.

"ಹೋಗು ಅನ್ನು" ಅನ್ನುತ್ತಾರೆ ಚಿಕ್ಕತ್ತೆ.

ಅತ್ತೆ ಅನ್ನುತ್ತಾರೆ. ಚಿಕ್ಕತ್ತೆ ಮೆಟ್ಟಿಲಿಳಿದು ಹೋಗುತ್ತಾರೆ.